ಖಾಲಿ ಜಾಗ ತುಂಬಲು ಹಾಕಿದ ಒಂದು ಗ್ರೂಪ್ ಫೋಟೊ

ಫೋಟೊಗ್ರಫಿಯನ್ನೇ ಹೊಟ್ಟೆಪಾಡು ಮಾಡಿಕೊಂಡ ಹೊಸದರಲ್ಲಿ ನನ್ನ ವೆಬ್‌ಸೈಟ್‌ನ ಒಂದು ಪುಟದಲ್ಲಿ ಜಾಗ ಖಾಲಿ ಉಳಿದಿತ್ತು. ಯಾವುದೋ ಕಂಪನಿಯ ವಾರ್ಷಿಕ ಸಭೆಯಲ್ಲಿ ತೆಗೆದ ಗ್ರೂಪ್ ಫೋಟೊ ಕೈಗೆ ಸಿಕ್ಕಿತು. ಸುಮ್ನೆ ಅಲ್ಲಿ ಹಾಕಿದೆ. ಮುಂದಿನ ಎರಡು ವರ್ಷ ಬಂದದ್ದೆಲ್ಲಾ ಹೆಚ್ಚುಕಮ್ಮಿ ಗ್ರೂಪ್ ಫೋಟೊ ಕೆಲಸವೇ. ಎತ್ತರದವರು ಹಿಂದೆ, ಕುಳ್ಳಗಿರುವವರು ಮುಂದೆ, ಕಣ್ಣು ಮುಚ್ಚಿದವರಿಗಾಗಿ ಇನ್ನೊಂದು ಸಲ.

ಕೆಲಸ ಕೆಟ್ಟದ್ದೇನಲ್ಲ. ಆದರೆ ನನಗೆ ಬೇಕಾಗಿದ್ದದ್ದು ಗಾಜು. ಎಣ್ಣೆ ಬಾಟಲಿ, ಪರ್ಫ್ಯೂಮ್ ಬಾಟಲಿ, ಪಾನೀಯದ ಲೋಟ. ಅದನ್ನು ಯಾಕೆ ಯಾರೂ ಕೊಡುತ್ತಿಲ್ಲ ಅಂತ ಒಂದು ದಿನ ನನ್ನದೇ ಸೈಟ್ ತೆರೆದು ಮೊದಲಿಂದ ಕೊನೆವರೆಗೆ ನೋಡಿದೆ. 120 ಫೋಟೊ ಇದ್ದವು. ಮದುವೆ, ಮಗು, ಕಟ್ಟಡ, ಸಭೆ, ಎಲ್ಲಾ ಇತ್ತು. ಗಾಜು ಮಾತ್ರ ಇರಲಿಲ್ಲ. ನಾನು ಅಂಗಡಿಯಲ್ಲಿ ಇಡದ ಸಾಮಾನನ್ನು ಯಾರೂ ಬಂದು ಕೇಳಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೆ, ಅಷ್ಟೇ.

ಹಾಗಾಗಿ ಕೆಲಸ ಇಲ್ಲದ ಒಂದು ವಾರ ನನಗೆ ನಾನೇ ಗಿರಾಕಿಯಾದೆ. ಒಂದು ಎಣ್ಣೆ ಬಾಟಲಿ ತಂದು ಮೇಜಿನ ಮೇಲೆ ಇಟ್ಟೆ. ಮುಂದಿನಿಂದ ಸಾಫ್ಟ್‌ಬಾಕ್ಸ್, ಅಂದರೆ ಬಿಳಿ ಬಟ್ಟೆ ಮುಚ್ಚಿದ ಲೈಟ್, ಹೊಡೆದರೆ ಬಾಟಲಿಯಲ್ಲಿ ಸಾಫ್ಟ್‌ಬಾಕ್ಸೇ ಕಾಣುತ್ತೆ, ಎಣ್ಣೆ ಕಪ್ಪಗೆ ಸತ್ತ ಹಾಗಿರುತ್ತೆ. ಗಾಜಿನ ಮೇಲೆ ಬೆಳಕು ಬಿಟ್ಟು ಪ್ರಯೋಜನ ಇಲ್ಲ. ಅದರೊಳಗೆ ಏನು ಕಾಣಬೇಕೋ ಅದರ ಮೇಲೆ ಬಿಡಬೇಕು. ಬೆಳ್ಳಿ ಬಣ್ಣದ ರಟ್ಟನ್ನು ಬಾಟಲಿಯದೇ ಆಕಾರದಲ್ಲಿ, ಬಾಟಲಿಗಿಂತ ಒಂದು ಚೂರು ಚಿಕ್ಕದಾಗಿ ಕತ್ತರಿಸಿದೆ. ಅದನ್ನು ಬಾಟಲಿಯ ಹಿಂದೆ ಸ್ವಲ್ಪ ವಾಲಿಸಿ ನಿಲ್ಲಿಸಿದೆ. ಮೇಲಿಂದ ಒಂದು ಲೈಟ್ ಆ ರಟ್ಟಿಗೆ ಬಿಟ್ಟೆ. ಎಣ್ಣೆ ಒಳಗಿನಿಂದಲೇ ದೀಪ ಹಚ್ಚಿದ ಹಾಗೆ ಹೊಳೆಯಿತು. ಅಂಚು ಮಾತ್ರ ಹಿನ್ನೆಲೆಯಲ್ಲಿ ಕರಗಿ ಹೋಗುತ್ತಿತ್ತು. ಎರಡು ಕಪ್ಪು ರಟ್ಟುಗಳನ್ನು ಫ್ರೇಮ್‌ನ ಆಚೀಚೆ ನಿಲ್ಲಿಸಿದ ಮೇಲೆ ಬಾಟಲಿಗೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಗೆರೆ ಬಂತು. ಲೇಬಲ್‌ಗೆ ಸಣ್ಣ ಕನ್ನಡಿಯಿಂದ ಬೇರೆ ಬೆಳಕು ಕೊಟ್ಟೆ.

ಬಾಟಲಿಯ ಹೊರಗೆ ಕಾಣುವ ನೀರಿನ ಹನಿ ನೀರಲ್ಲ. ಅರ್ಧ ಗ್ಲಿಸರಿನ್, ಅರ್ಧ ನೀರು, ಸ್ಪ್ರೇ ಬಾಟಲಿಯಲ್ಲಿ ಹಾಕಿ ಹೊಡೆದದ್ದು. ಬರೀ ನೀರಾದರೆ ಜಾರಿ ಹೋಗುತ್ತೆ, ಇಲ್ಲಾ ಒಣಗುತ್ತೆ. ಇದು ಗಂಟೆಗಟ್ಟಲೆ ಕೂತಲ್ಲೇ ಕೂತಿರುತ್ತೆ. ಎರಡು ದಿನ ಹಿಡಿಯಿತು. ಅದರಲ್ಲಿ ಅರ್ಧ ದಿನ ಹೋದದ್ದು ಬೆರಳಚ್ಚು ಒರೆಸುವುದರಲ್ಲಿ. ಹತ್ತಿ ಗ್ಲೌಸ್ ಇಲ್ಲದೆ ಗಾಜು ಮುಟ್ಟಬೇಡಿ ಅಂತ ಯಾರಾದರೂ ಮೊದಲೇ ಹೇಳಬಾರದಿತ್ತಾ!

ಆ ತಿಂಗಳು ಇಂಥವು ಇನ್ನೂ ಏಳು ತೆಗೆದೆ. ಹಳೆಯದರಲ್ಲಿ ಇವುಗಳ ಪಕ್ಕ ನಿಲ್ಲುವಂಥ ಎಂಟು ಉಳಿಸಿಕೊಂಡು ಬಾಕಿ ಎಲ್ಲಾ ಕಿತ್ತು ಹಾಕಿದೆ. 120 ಇದ್ದದ್ದು 16 ಆಯಿತು. ಗ್ರೂಪ್ ಫೋಟೊ ಡಿಲೀಟ್ ಮಾಡುವಾಗ ಕೈ ನಡುಗಿದ್ದು ಸುಳ್ಳಲ್ಲ. ಮನೆ ನಡೆಸುತ್ತಿದ್ದದ್ದೇ ಅದು.

ಆಮೇಲೆ ತೋರಿಸುವ ಕಷ್ಟ. ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಒಂದೇ ಮೇಲ್ ಅನ್ನು ಜಾಹೀರಾತು ಮಾಡಿಸುವವರ 200 ವಿಳಾಸಕ್ಕೆ ಕಳಿಸಿದೆ. ಒಂದೇ ಒಂದು ಉತ್ತರ ಬಂತು, ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ ಅಂತ. ಎರಡನೇ ಸಲ ಬರೀ 12 ಹೆಸರು ಆರಿಸಿದೆ. ಒಬ್ಬೊಬ್ಬರೂ ಯಾವ ಬ್ರ್ಯಾಂಡ್ ನೋಡಿಕೊಳ್ಳುತ್ತಾರೆ, ಈಗ ಅವರ ಜಾಹೀರಾತು ಹೇಗಿದೆ ಅಂತ ನೋಡಿದೆ. ಮೂರು ಸಾಲು, ಒಂದು ಫೋಟೊ, ಒಂದು ಲಿಂಕ್. ಫೋಟೊ ಅವರು ಮಾರುವ ಸಾಮಾನಿಗೆ ಹತ್ತಿರದ್ದೇ ಆಗಿರಬೇಕು. ಪಾನೀಯದವರಿಗೆ ಶಾಂಪೂ ಬಾಟಲಿ ಕಳಿಸಿದರೆ ಅವರು ಯಾಕೆ ನೋಡುತ್ತಾರೆ, ಅಲ್ವಾ? ನಾಲ್ಕು ಜನ ಉತ್ತರ ಬರೆದರು. ಕೆಲಸ ಯಾರೂ ಕೊಡಲಿಲ್ಲ.

ಅಲ್ಲಿಗೆ ಬಿಡಲಿಲ್ಲ. ಎರಡು ತಿಂಗಳಿಗೊಮ್ಮೆ, ಹೊಸ ಫೋಟೊ ಇದ್ದರೆ ಮಾತ್ರ, ಅದೇ 12 ಜನಕ್ಕೆ ಬರೆದೆ. 'ಏನಾದರೂ ಕೆಲಸ ಇದೆಯಾ' ಅಂತ ಯಾವತ್ತೂ ಕೇಳಲಿಲ್ಲ. ಜೊತೆಗೆ ಎಣ್ಣೆ ಬಾಟಲಿಯ ಫೋಟೊವನ್ನು ದಪ್ಪ ಕಾಗದದ ಮೇಲೆ ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಪ್ರಿಂಟ್ ಮಾಡಿಸಿ ಅಂಚೆಯಲ್ಲಿ ಕಳಿಸಿದೆ. ಎಂಟು ತಿಂಗಳ ಮೇಲೆ ಫೋನ್ ಬಂತು. ಕಾರ್ಡ್ ಒಬ್ಬ ಆರ್ಟ್ ಡೈರೆಕ್ಟರ್ (ಜಾಹೀರಾತು ನೋಡಲು ಹೇಗಿರಬೇಕು ಅಂತ ತೀರ್ಮಾನಿಸುವವರು) ಮೇಜಿನ ಎದುರಿನ ಬೋರ್ಡ್‌ಗೆ ಪಿನ್ ಆಗಿ ಅಲ್ಲೇ ಇತ್ತಂತೆ.

ಇನ್‌ಸ್ಟಾಗ್ರಾಂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನ್ನ ಫೋಟೊಗೆ ಲೈಕ್ ಒತ್ತುವವರಲ್ಲಿ ಬಹುಪಾಲು ಬೇರೆ ಫೋಟೊಗ್ರಾಫರುಗಳೇ. ಅವರು ನನಗೆ ಕೆಲಸ ಕೊಡುವವರಲ್ಲ. ಅಲ್ಲಿ ಉಪಯೋಗಕ್ಕೆ ಬಂದದ್ದು ಸೆಟ್‌ನ ವಿಡಿಯೊ ಮಾತ್ರ. ವೈರ್ ನೀಟಾಗಿ ಟೇಪ್ ಆಗಿದೆ, ಸ್ಟ್ಯಾಂಡ್ ಮೇಲೆ ಮರಳಿನ ಚೀಲ ಇದೆ, ಯಾರೂ ಕಿರುಚಾಡುತ್ತಿಲ್ಲ ಅನ್ನುವುದು ಗಿರಾಕಿಗೆ ಕಾಣುತ್ತೆ. ಒಂದು ದಿನ ಪೂರ್ತಿ ಇವನ ಜೊತೆ ಒಂದು ಕೋಣೆಯಲ್ಲಿ ಇರಬಹುದಾ ಅನ್ನುವುದೂ ಅವರಿಗೆ ಮುಖ್ಯವೇ.

ದುಡ್ಡಿನ ವಿಷಯದಲ್ಲಿ ದೊಡ್ಡ ಪೆಟ್ಟು ತಿಂದೆ. ಒಂದು ಕಂಪನಿಗೆ '10 ಫೋಟೊ' ಅಂತ ಮಾತ್ರ ಬರೆದು ಎಸ್ಟಿಮೇಟ್ ಕೊಟ್ಟಿದ್ದೆ. ವೆಬ್‌ಸೈಟ್‌ಗೆ ಅಂದಿದ್ದರು, ಬಾಯಿಮಾತಲ್ಲಿ. ವರ್ಷ ಕಳೆದ ಮೇಲೆ ರಸ್ತೆಯಲ್ಲಿ ಹೋಗುತ್ತಿದ್ದಾಗ ತಲೆ ಎತ್ತಿ ನೋಡಿದರೆ ನನ್ನ ಬಾಟಲಿ ಎರಡಂತಸ್ತಿನ ಮನೆಯಷ್ಟು ಎತ್ತರ ನಿಂತಿತ್ತು. ಒಂದು ಕ್ಷಣ ಖುಷಿಯಾಯಿತು, ಆಮೇಲೆ ಹೊಟ್ಟೆ ಉರಿಯಿತು. ಕೇಳಿದರೆ, 'ದುಡ್ಡು ಕೊಟ್ಟಿದ್ದೀವಲ್ಲ' ಅಂದರು. ನನ್ನ ಕಾಗದದಲ್ಲಿ ವಾದ ಮಾಡಲು ಒಂದು ಸಾಲೂ ಇರಲಿಲ್ಲ.

ಈಗ ರೇಟ್ ಎಷ್ಟು ಅಂತ ಫೋನ್‌ನಲ್ಲಿ ಕೇಳಿದರೆ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಎಲ್ಲಿ ಬಳಸುತ್ತೀರಿ, ಎಷ್ಟು ದಿನ, ಯಾವ ಯಾವ ಊರು ಅಥವಾ ದೇಶದಲ್ಲಿ. ಉತ್ತರ ಬಂದ ಮೇಲೆ ಶೂಟ್‌ನ ಕೂಲಿ, ಬಳಕೆಯ ಶುಲ್ಕ, ಖರ್ಚು ಮೂರನ್ನೂ ಬೇರೆ ಬೇರೆ ಸಾಲಲ್ಲಿ ಬರೆಯುತ್ತೇನೆ. 'ಇದು ಜಾಸ್ತಿ ಆಯ್ತು' ಅಂದರೆ ಕೂಲಿ ಇಳಿಸುವುದಿಲ್ಲ, ಬಳಕೆ ಇಳಿಸುತ್ತೇನೆ. ಎರಡು ವರ್ಷದ ಬದಲು ಒಂದು ವರ್ಷ, ಹೋರ್ಡಿಂಗ್ ಬಿಟ್ಟು ಬರೀ ವೆಬ್. ಅರ್ಧ ದುಡ್ಡು ಮುಂಗಡ ಬಾರದೆ ಲೈಟ್ ಬಾಡಿಗೆಗೆ ಹೇಳುವುದಿಲ್ಲ.

ಪ್ರಚಾರ ಅಂದರೆ ಶೂಟ್‌ಗೆ ಮುಂಚೆ ಮಾಡುವುದು ಅಂದುಕೊಂಡಿದ್ದೆ. ನನ್ನ ನೋಟ್‌ಬುಕ್ ಬೇರೆ ಕಥೆ ಹೇಳುತ್ತೆ. ಪ್ರತಿ ಕೆಲಸದ ಎದುರು ಅದು ಯಾರಿಂದ ಬಂತು ಅಂತ ಬರೆದಿಡುತ್ತೇನೆ. ಬಹಳಷ್ಟು ಬಂದದ್ದು ಹಿಂದಿನ ಯಾವುದೋ ಶೂಟ್‌ನಲ್ಲಿ ಮಾನಿಟರ್ ಎದುರು ಕೂತಿದ್ದವರಿಂದ. ಕ್ಯಾಮೆರಾವನ್ನು ಕೇಬಲ್ ಹಾಕಿ ಲ್ಯಾಪ್‌ಟಾಪ್‌ಗೆ ಜೋಡಿಸಿರುತ್ತೇನೆ. ಕ್ಯಾಪ್ಚರ್ ಒನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅವರ ಜಾಹೀರಾತಿನ ಲೇಔಟ್ ಅನ್ನು ಫೋಟೊ ಮೇಲೆ ಓವರ್‌ಲೇ ಮಾಡಿ ಇಡುತ್ತೇನೆ. ಅಕ್ಷರ ಬರುವ ಜಾಗದಲ್ಲಿ ಮುಚ್ಚಳ ತೂರಿದರೆ ಅಲ್ಲೇ ಗೊತ್ತಾಗುತ್ತೆ. ಒಂದು ಸಲ ಮೂಲೆಯಲ್ಲಿ ಕೂತಿದ್ದ ಜೂನಿಯರ್ ಹುಡುಗಿ, ಎಡಗಡೆ ಹನಿ ಜಾಸ್ತಿ ಆಯ್ತು ಅಂತ ಮೆಲ್ಲಗೆ ಹೇಳಿದಳು. ಸರಿ ಅನ್ನಿಸಿತು, ಹತ್ತಿ ಸುತ್ತಿದ ಕಡ್ಡಿಯಲ್ಲಿ ಆರು ಹನಿ ಒರೆಸಿದೆ. ಎರಡು ವರ್ಷದ ನಂತರ ಬೇರೆ ಏಜೆನ್ಸಿಯಿಂದ ಅವಳೇ ಫೋನ್ ಮಾಡಿದಳು. ಈ ಸಲ ಬ್ರೀಫ್, ಅಂದರೆ ಫೋಟೊ ಹೇಗಿರಬೇಕು ಅನ್ನುವ ವಿವರ, ಬರೆದವಳೇ ಅವಳು.

ಗ್ರೂಪ್ ಫೋಟೊ ಕೆಲಸ ಈಗಲೂ ಬರುತ್ತೆ. ಅದನ್ನು ಒಬ್ಬ ಗೆಳೆಯನಿಗೆ ದಾಟಿಸುತ್ತೇನೆ. 50 ಜನರನ್ನು ಒಟ್ಟಿಗೆ ನಗಿಸುವುದು ಅವನಿಗೆ ಗೊತ್ತು, ನನಗೆ ಅದು ಕೊನೆವರೆಗೂ ಬರಲಿಲ್ಲ. ಅವನ ಹತ್ತಿರ ಗಾಜಿನ ಕೆಲಸ ಹೋದರೆ ನನ್ನ ನಂಬರ್ ಕೊಡುತ್ತಾನೆ. ಮೊನ್ನೆ ಹಾಗೆ ಒಂದು ಬಂದಿದೆ. ಆರು ಪರ್ಫ್ಯೂಮ್ ಬಾಟಲಿ, ಆರಕ್ಕೂ ಕನ್ನಡಿಯಂಥ ಗುಂಡು ಮುಚ್ಚಳ. ಎಲ್ಲಿ ನಿಂತರೂ ಅದರಲ್ಲಿ ನಾನೇ ಕಾಣುತ್ತೇನೆ. ನಾಳೆ ಬೆಳಿಗ್ಗೆ ಬಿಳಿ ಅಕ್ರಿಲಿಕ್ ಹಾಳೆಗೆ ಲೆನ್ಸ್‌ನಷ್ಟೇ ತೂತು ಕೊರೆದು, ಅದರ ಹಿಂದೆ ನಿಂತು ನೋಡಬೇಕು.