ಮೊದಲು ನೀರು ಬಸಿಯಿರಿ, ಆಮೇಲೆ ದರ ನೋಡಿ

ಕಾರ್ಖಾನೆಗೆ ಬೇಕಾದ ಕೆಮಿಕಲ್ ಕೊಳ್ಳುವುದು ನನ್ನ ಕೆಲಸ. ಹೊಸದರಲ್ಲಿ ಒಮ್ಮೆ ಆಮದಿನ ಅಂಕಿಅಂಶ ತೆಗೆದು, ಮೌಲ್ಯವನ್ನು ತೂಕದಿಂದ ಭಾಗಿಸಿ, ಕಾಸ್ಟಿಕ್ ಸೋಡಾ ಮಾರುವವರ ಮುಂದೆ ಇಟ್ಟೆ. ‘ಬೇರೆಯವರಿಗೆ ಅರ್ಧ ದರಕ್ಕೇ ಬರ್ತಿದೆಯಲ್ಲ!’ ಎಂದೆ. ಅವರು ನಕ್ಕರು. ‘ಸ್ವಾಮಿ, ಅದರಲ್ಲಿ ಅರ್ಧ ನೀರು.’ ನಾನು ನೋಡಿದ್ದು ಶೇ 50ರ ಲೈ, ಅಂದರೆ ನೀರಲ್ಲಿ ಕರಗಿಸಿದ ಕಾಸ್ಟಿಕ್; ಅವರು ಹೇಳುತ್ತಿದ್ದುದು ನೀರು ಬಿಟ್ಟ ಒಣ ತೂಕದ ದರ.

ಅಂದಿನಿಂದ ನಾನು ಕೋಡ್ ನೋಡದೆ ದರ ನೋಡುವುದಿಲ್ಲ. ಕಸ್ಟಮ್ಸ್‌ನವರು ಸರಕು ಗುರುತಿಸಲು ಬಳಸುವ ಎಚ್‌ಎಸ್ ಕೋಡಿನ ಮೊದಲ 6 ಅಂಕಿ ಈ ಪದ್ಧತಿ ಬಳಸುವ ದೇಶಗಳಲ್ಲೆಲ್ಲ ಒಂದೇ. ಮುಂದಿನ ಅಂಕಿಗಳು ಆಯಾ ದೇಶದ್ದು. ಗಟ್ಟಿ ಕಾಸ್ಟಿಕ್ 2815.11, ದ್ರಾವಣ 2815.12. ಟೈಟಾನಿಯಂ ಡೈಆಕ್ಸೈಡ್ ಇನ್ನೂ ತಮಾಷೆ: 2823ರಲ್ಲೂ ಇದೆ, ಪಿಗ್ಮೆಂಟ್ (ಬಣ್ಣಕ್ಕೆ ಬಳಸುವ ಪುಡಿ) ಆದರೆ 3206.11ಕ್ಕೆ ಹೋಗುತ್ತದೆ. ಒಂದನ್ನೇ ನೋಡಿದರೆ ಅರ್ಧ ಕಥೆ. 2022ರಲ್ಲಿ ಆದಂತೆ ಆಗಾಗ ಪಟ್ಟಿ ಪರಿಷ್ಕರಣೆಯೂ ಆಗುತ್ತದೆ. ಹಳೆ ವರ್ಷದ ಜೊತೆ ಹೋಲಿಸುವಾಗ ಕೋಡ್ ಬದಲಾಗಿದೆಯಾ ಅಂತ ನೋಡಿಕೊಳ್ಳಿ.

ನಿಮ್ಮ ಕೆಮಿಕಲ್ ‘ಇತರೆ’ ಎಂಬ ಕೋಡಿನಲ್ಲಿ ಬಿದ್ದಿದ್ದರೆ ಸರಾಸರಿ ದರ ಸುಮ್ನೆ ದಂಡ. ಹತ್ತಾರು ಬೇರೆ ಬೇರೆ ಮಾಲು ಒಂದೇ ಚೀಲದಲ್ಲಿರುತ್ತವೆ. ಅಲ್ಲಿ ಒಂದೊಂದು ಕನ್ಸೈನ್‌ಮೆಂಟಿನ, ಅಂದರೆ ಒಂದೊಂದು ಸಲ ಬಂದ ಸರಕಿನ ದಾಖಲೆಯೇ ಬೇಕು. ಎಲ್ಲ ದೇಶಗಳೂ ಅದನ್ನು ಬಿಟ್ಟುಕೊಡುವುದಿಲ್ಲ, ಸಿಕ್ಕರೂ ಸಾಮಾನ್ಯವಾಗಿ ದುಡ್ಡು ಕೊಡಬೇಕು. ದೇಶದ ಮಟ್ಟದ ಲೆಕ್ಕ ಸಾಕೆಂದರೆ ವಿಶ್ವಸಂಸ್ಥೆಯ ವ್ಯಾಪಾರ ಅಂಕಿಅಂಶದ ತಾಣ ಕಾಮ್‌ಟ್ರೇಡ್‌ನಲ್ಲಿ ಪುಕ್ಕಟೆ ಸಿಗುತ್ತದೆ. ದಾಖಲೆಗಳಲ್ಲಿ ಹುಡುಕುವಾಗ ಎಲ್ಲ ಹೆಸರುಗಳನ್ನೂ ಹಾಕಿ: ಕಾಸ್ಟಿಕ್, ಸೋಡಿಯಂ ಹೈಡ್ರಾಕ್ಸೈಡ್, ಲೈ, ಸಿಎಎಸ್ ಸಂಖ್ಯೆ (ಪ್ರತಿ ಕೆಮಿಕಲ್‌ಗೂ ಇರುವ ಗುರುತಿನ ಸಂಖ್ಯೆ) 1310-73-2. ಕೆಜಿ ಲೆಕ್ಕದ ಸಣ್ಣ ಸ್ಯಾಂಪಲ್‌ಗಳನ್ನು ದರದ ಲೆಕ್ಕದಿಂದ ತೆಗೆಯಿರಿ, ಅವುಗಳ ದರ ವಿಪರೀತ ಇರುತ್ತದೆ.

ಆದರೆ ಆ ಸ್ಯಾಂಪಲ್ ಸಾಲುಗಳನ್ನು ಎಸೆಯಬೇಡಿ. ಪ್ರತಿಸ್ಪರ್ಧಿ ಹೊಸ ಮಾಲನ್ನು ಮೊದಲು 25 ಕೆಜಿ, ಆಮೇಲೆ ಒಂದು ಟನ್, ಆಮೇಲೆ ಕಂಟೇನರ್ ತರಿಸಿದರೆ ಅಲ್ಲಿ ಏನೋ ಬೇಯುತ್ತಿದೆ ಅಂತಲೇ ಅರ್ಥ. ನನಗೆ ದರಕ್ಕಿಂತ ಇದೇ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಇನ್ನೊಂದು ಅಭ್ಯಾಸ: ನಿಮ್ಮ ಮಾಲಿನ ಜೊತೆ ಹುಟ್ಟುವ ಮಾಲನ್ನೂ ನೋಡುವುದು. ಉಪ್ಪುನೀರಿಗೆ ವಿದ್ಯುತ್ ಹಾಯಿಸಿದಾಗ 1 ಟನ್ ಕ್ಲೋರಿನ್ ಜೊತೆ ಸುಮಾರು 1.1 ಟನ್ ಕಾಸ್ಟಿಕ್ ಬರುತ್ತದೆ. ಕ್ಲೋರಿನ್‌ನ ದೊಡ್ಡ ಪಾಲು ಪೈಪ್ ಇತ್ಯಾದಿ ಮಾಡುವ ಪ್ಲಾಸ್ಟಿಕ್ ಆದ ಪಿವಿಸಿಗೆ ಹೋಗುತ್ತದೆ. ಪಿವಿಸಿ ಕೇಳುವವರು ಕಡಿಮೆಯಾದರೆ ಘಟಕಗಳು ನಿಧಾನಿಸುತ್ತವೆ, ಕಾಸ್ಟಿಕ್‌ಗೆ ಬೇಡಿಕೆ ಹಾಗೇ ಇದ್ದರೂ ಸಿಗುವುದು ಕಷ್ಟವಾಗುತ್ತದೆ. ಹಾಗಾಗಿ ನನ್ನ ಎಕ್ಸೆಲ್‌ನಲ್ಲಿ 2815.12ರ ಪಕ್ಕದಲ್ಲೇ ಪಿವಿಸಿಯ 3904.10 ಕೂತಿದೆ.

ದೇಶಗಳನ್ನು ಹೋಲಿಸುವಾಗ ಒಂದು ಎಚ್ಚರ. ಆಮದಿನ ಮೌಲ್ಯದಲ್ಲಿ ಸಾಮಾನ್ಯವಾಗಿ ಸಾಗಣೆ, ವಿಮೆ ಸೇರಿರುತ್ತವೆ, ಅಂದರೆ ಸಿಐಎಫ್. ರಫ್ತಿನದು ಎಫ್‌ಒಬಿ, ಅವು ಸೇರಿರುವುದಿಲ್ಲ. ಎರಡನ್ನೂ ನೇರವಾಗಿ ಪಕ್ಕಪಕ್ಕ ಇಟ್ಟು ‘ಲಾಭ ಎಷ್ಟು ಹೊಡೀತಿದ್ದಾರೆ’ ಅನ್ನಬೇಡಿ.

ಮಾತುಕತೆಗೆ ಹೋಗುವಾಗ ಒಂದೇ ತಿಂಗಳ ದರ ಹಿಡಿದು ಹೋಗಬೇಡಿ. ಮಾರ್ಚ್‌ನಲ್ಲಿ ಬಂದರಿಗೆ ಇಳಿದ ಮಾಲಿನ ದರ ಜನವರಿಯಲ್ಲೇ ಕುದುರಿರಬಹುದು. ನಾನು ಮೂರು ತಿಂಗಳದ್ದನ್ನು ಒಟ್ಟು ಮಾಡಿ, ಒಣ ತೂಕಕ್ಕೆ ಇಳಿಸಿ, ಯಾವ ದೇಶದ ಮಾಲು ಎಂಬುದನ್ನು ಬೇರೆ ಮಾಡಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುತ್ತೇನೆ. ಹಾಳೆಯನ್ನು ಮಾತ್ರ ಮಾರುವವರಿಗೆ ಕೊಡುವುದಿಲ್ಲ.