ಅರೆಬರೆ ಅಟ್ಲಾಸ್ ಕೊಂಡು ತುಂಬಿಸಿದ್ದು: ನನ್ನ ಅನುಭವ

"ಹಾಳೆ ಕಳೆದುಹೋದ ಅಟ್ಲಾಸ್ ಕೊಂಡರೆ ಹಾಳೆಗಳನ್ನು ಬಿಚ್ಚಿ, ಒಂದೊಂದೇ ನಕ್ಷೆ ಮಾರಬೇಕು, ಅಷ್ಟೇ." ಹಳೆ ನಕ್ಷೆ ಕೂಡಿಡುವ ಗೆಳೆಯರೆಲ್ಲ ಹೀಗೇ ಹೇಳಿದ್ದರು. ನಾನು ಬಿಚ್ಚಲಿಲ್ಲ, ಇಲ್ಲದ ಹಾಳೆಗಳನ್ನು ಹುಡುಕಿ ತಂದು ತುಂಬಿಸಿದೆ. ಈಗ ಅದರಲ್ಲಿ ಒಂದೇ ಹಾಳೆ ಬಾಕಿ. ಮೂರು ವರ್ಷದ ಮೇಲೇ ಹಿಡಿಯಿತು, ಆದರೆ ಆಯಿತು.

ಪುಸ್ತಕ ಆಮ್‌ಸ್ಟರ್‌ಡ್ಯಾಮಿನ ನಕ್ಷೆಗಾರ ಹೊಂಡಿಯಸ್‌ನ 'ಅಟ್ಲಾಸ್ ಮೈನರ್' ಎಂಬ ಚಿಕ್ಕ ಅಟ್ಲಾಸ್, ಲ್ಯಾಟಿನ್ ಪಠ್ಯದ್ದು. ಮೊದಲು ಬಂದದ್ದು 1607ರಲ್ಲಿ. ಸುಮಾರು 150 ನಕ್ಷೆ ಇರಬೇಕು. ಲಂಡನ್ ಹರಾಜಿಗೆ ಬಂದ ಈ ಪ್ರತಿಯಲ್ಲಿ ಇಪ್ಪತ್ತರಷ್ಟು ಇರಲಿಲ್ಲ. ಕ್ಯಾಟಲಾಗಿನಲ್ಲಿ "ಇದ್ದ ಹಾಗೇ ಮಾರಾಟ, ವಾಪಸಿಲ್ಲ" ಎಂದಿತ್ತು. ಅದನ್ನು ನೋಡಿ ಜಾಸ್ತಿ ಜನ ಬಿಡ್ ಮಾಡಲಿಲ್ಲ.

ನಾನು ನೋಡಿದ್ದು ಎಷ್ಟು ಹೋಗಿವೆ ಅಂತಲ್ಲ, ಯಾವುವು ಹೋಗಿವೆ ಅಂತ. ಸಾಮಾನ್ಯವಾಗಿ ಕದ್ದವರು, ಕತ್ತರಿಸಿದವರು ಮೊದಲು ಕೈ ಹಾಕುವುದು ಪ್ರಪಂಚ, ಅಮೆರಿಕ, ಇಂಡಿಯಾ ನಕ್ಷೆಗಳಿಗೆ. ಇಲ್ಲಿ ಅವೆಲ್ಲ ಇದ್ದವು. ನಮ್ಮ ವಿಜಯನಗರವನ್ನು 'ನರಸಿಂಗ' ಅಂತ ಬರೆಯುತ್ತಿದ್ದ ಕಾಲದ ಇಂಡಿಯಾ ನಕ್ಷೆ ಕೈಗೆ ಸಿಕ್ಕರೆ ಬಿಡೋಕಾಗುತ್ತಾ! ಹೋಗಿದ್ದು ಬರೀ ಜರ್ಮನಿ, ಫ್ರಾನ್ಸ್ ಕಡೆಯ ಪ್ರಾಂತಗಳು. ಬಿಡಿ ಹಾಳೆ ಮಾರುವವರ ಬಳಿ ಅವು ಕೇಳುವವರಿಲ್ಲದೆ ಬಿದ್ದಿರುತ್ತವೆ.

ಸುಲಭ ಅನಿಸುತ್ತೆ ಅಲ್ವಾ? ತಲೆನೋವು ಶುರುವಾಗುವುದೇ ಇಲ್ಲಿ. ನಕ್ಷೆ ಕೊರೆದ ಅದೇ ತಾಮ್ರದ ತಗಡುಗಳಿಂದ ಲ್ಯಾಟಿನ್, ಫ್ರೆಂಚ್, ಜರ್ಮನ್ ಆವೃತ್ತಿಗಳು ಬಂದವು. ಆಮೇಲೆ ತಗಡುಗಳು ಇಂಗ್ಲೆಂಡಿಗೆ ಹೋಗಿ 1635ರಲ್ಲಿ 'ಹಿಸ್ಟೋರಿಯಾ ಮುಂಡಿ' ಎಂಬ ಇಂಗ್ಲಿಷ್ ಆವೃತ್ತಿಯಲ್ಲೂ ಅಚ್ಚಾದವು. ಎದುರಿನಿಂದ ಎಲ್ಲ ಒಂದೇ. ಹಿಂಬದಿಯ ಪಠ್ಯ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮಾರುವವರು ಹಿಂಬದಿಯ ಫೋಟೊ ಹಾಕುವುದೇ ಇಲ್ಲ. ಒಬ್ಬರು "ಲ್ಯಾಟಿನ್, ಖಚಿತ" ಅಂದರು, ಬಂದದ್ದು ಫ್ರೆಂಚ್. ಇನ್ನೊಬ್ಬರು ಕಳಿಸಿದ ಹಾಳೆಯನ್ನು ಬ್ಲೀಚ್ ಮಾಡಿ ಬೆಳ್ಳಗೆ ಮಾಡಿದ್ದರು, ಅಂಚನ್ನೂ ಕತ್ತರಿಸಿದ್ದರು. ಹೀಗೆ ಕಾಲು ಲಕ್ಷದಷ್ಟು ದುಡ್ಡು ನೀರಿಗೆ ಹೋಯಿತು. ಆಮೇಲಿಂದ ಹಿಂಬದಿಯ ಕೊನೆಯ ಸಾಲು ಮತ್ತು ಪುಟಸಂಖ್ಯೆಯ ಫೋಟೊ ಬರದೆ ದುಡ್ಡು ಕಳಿಸಲಿಲ್ಲ. ಲ್ಯಾಟಿನ್ ಆದರೆ ಸಾಲದು. ಬೇರೆ ವರ್ಷ ಅಕ್ಷರದ ಮೊಳೆಗಳನ್ನು ಮತ್ತೆ ಜೋಡಿಸಿ ಅಚ್ಚು ಹಾಕಿದ್ದಾದರೆ ಸಾಲು ಮುರಿಯುವ ಜಾಗ ಬೇರೆ ಇರುತ್ತದೆ.

ಮಾರುವ ತಾಣಗಳಲ್ಲಿ ಏನಂತ ಹುಡುಕಿದರೆ ಈ ಹಾಳೆಗಳು ಸಿಗುತ್ತವೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಇಷ್ಟು ಹೇಳುತ್ತೇನೆ: ಮಾರುವವರಿಗೇ ಅದು ಯಾವ ಪುಸ್ತಕದ್ದು ಅಂತ ಎಷ್ಟೋ ಸಲ ಗೊತ್ತಿರುವುದಿಲ್ಲ.

ನಡುವೆ ಹರಿದ ಹಾಳೆ ಸರಿಮಾಡುವ ಅಂಟಿನ ಮೇಲೂ ಒಂದಿಷ್ಟು ಕೈಯಾಡಿಸಿದೆ. ಬೇಡದ ಫ್ರೆಂಚ್ ಹಾಳೆ ಇತ್ತಲ್ಲ, ಅದರ ಮೇಲೇ ಪ್ರಯೋಗ. ಮೈದಾ ಅಂಟು ಒಣಗಿದ ಮೇಲೆ ಬಿರುಸಾಗಿ ಕಾಗದವನ್ನು ಎಳೆಯುತ್ತದೆ, ಬೆಳ್ಳಿಹುಳುಗಳಿಗೂ ಇಷ್ಟ. ಗೋಧಿ ಪಿಷ್ಟವನ್ನು ಬೇಯಿಸಿ, ಸೋಸಿ, ತೆಳ್ಳಗೆ ಮಾಡಿ ಜಪಾನಿ ಟಿಶ್ಯೂ ಎಂಬ ತೆಳು ಕಾಗದದ ಜೊತೆ ಹಾಕಿದರೆ ಹರಿದ ಅಂಚು ಸೊಗಸಾಗಿ ಕೂರುತ್ತದೆ, ಬೇಕೆಂದಾಗ ನೀರು ಸೋಕಿಸಿ ತೆಗೆಯಲೂಬಹುದು. ಬೆಂಗಳೂರಿನ ಮಳೆಗಾಲದಲ್ಲಿ ಮಾತ್ರ ಈ ಕೆಲಸ ಬೇಡ. ಹಸಿರು ಬಣ್ಣ ಹಚ್ಚಿದ ಹಾಳೆಗೆ ನೀರು ಮುಟ್ಟಿಸಲೇಬೇಡಿ. ತಾಮ್ರದಿಂದ ಮಾಡಿದ ಆ ಬಣ್ಣ ಕಾಗದವನ್ನು ಆಗಲೇ ತಿಂದಿರುತ್ತದೆ.

ದುಡ್ಡಿನ ಮಾತು. ಹರಾಜಿನಲ್ಲಿ ಸುತ್ತಿಗೆ ಬಿದ್ದದ್ದು 1800 ಪೌಂಡಿನ ಆಸುಪಾಸು. ಅದರ ಮೇಲೆ ಕಾಲು ಭಾಗ ಪ್ರೀಮಿಯಂ, ಅಂದರೆ ಹರಾಜು ಸಂಸ್ಥೆಯ ಕಮಿಷನ್. ಸಾಗಣೆ, ವಿಮೆ, ಕಸ್ಟಮ್ಸ್ ಎಲ್ಲ ಸೇರಿ 3 ಲಕ್ಷದ ಹತ್ತಿರ. ಬಿಡಿ ಹಾಳೆಗಳಿಗೆ ಇನ್ನೊಂದು ಲಕ್ಷ ಮೇಲೆ. ಪೂರ್ತಿ ಪ್ರತಿಗೆ ನಾನು ನೋಡಿದ ಬೆಲೆ ಇದರ ಎರಡು ಪಟ್ಟಿಗೂ ಜಾಸ್ತಿ. ತುಂಬಿಸಿದ ಪ್ರತಿಗೆ ಅಷ್ಟು ಬೆಲೆ ಬರಲ್ಲ, ನಿಜ. ಅದಕ್ಕೇ ಯಾವ ಹಾಳೆ ಹೊರಗಿನಿಂದ ಬಂದದ್ದು ಅಂತ ಪಟ್ಟಿ ಬರೆದು ರಟ್ಟಿನೊಳಗೆ ಇಟ್ಟಿದ್ದೇನೆ. ಮುಂದೆ ಕೊಳ್ಳುವವರಿಗೆ ಮೋಸ ಆಗಬಾರದು. ಇನ್ನೊಂದು, ನೂರು ವರ್ಷ ದಾಟಿದ ವಸ್ತು ಒಮ್ಮೆ ಇಲ್ಲಿಗೆ ಬಂದರೆ ಪುರಾತನ ವಸ್ತುಗಳ 1972ರ ಕಾಯ್ದೆಯಿಂದಾಗಿ ಹೊರಗೆ ಕಳಿಸುವುದು ಕಷ್ಟ. ರಿಪೇರಿ ವಿದೇಶದಲ್ಲೇ ಮಾಡಿಸುವುದಿದ್ದರೆ ತರಿಸುವ ಮೊದಲೇ ಯೋಚಿಸಿ.

ಬಾಕಿ ಇರುವುದು ಲೊರೇನ್ ಪ್ರಾಂತದ ಹಾಳೆ. ಲ್ಯಾಟಿನ್ ಹಿಂಬದಿಯದ್ದು ನಿಮ್ಮಲ್ಲಿದ್ದರೆ ತಿಳಿಸಿ. ಬದಲಿಗೆ ನನ್ನಲ್ಲಿರುವ ಫ್ರೆಂಚ್ ಹಾಳೆಗಳಲ್ಲಿ ಯಾವುದು ಬೇಕೋ ಎರಡು ಆರಿಸಿಕೊಳ್ಳಿ, ಅಂಟು ಹಚ್ಚಿದ್ದನ್ನು ಬಿಟ್ಟು.