ಮುಳ್ಳಿಲ್ಲದ ಬ್ಲ್ಯಾಕ್‌ಬೆರಿ: ಯಾವ ಬಳ್ಳಿ ಕತ್ತರಿಸಬೇಕು, ಯಾವುದನ್ನು ಬಿಡಬೇಕು

ನಾವಿರುವ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ರಸ್ತೆಬದಿಯಲ್ಲೆಲ್ಲ ಕಾಡು ಬ್ಲ್ಯಾಕ್‌ಬೆರಿ ಪೊದೆ. ಒಂದು ಹಣ್ಣು ಕೀಳಲು ಹೋದರೆ ಮೊಣಕೈವರೆಗೂ ಗೀರು. ಹಿತ್ತಲಿಗೆ ಅದು ಬೇಡವೇ ಬೇಡ, ನರ್ಸರಿಯಲ್ಲಿ ಮುಳ್ಳಿಲ್ಲದ ತಳಿ ಕೇಳಿ ತನ್ನಿ. ನಮ್ಮಲ್ಲಿರುವುದು ಟ್ರಿಪಲ್ ಕ್ರೌನ್. ಹಣ್ಣು ದಪ್ಪ, ಒಳ್ಳೆ ಸಿಹಿ, ಮಕ್ಕಳು ಹೆದರದೆ ಕೈ ಹಾಕಬಹುದು.

ದಿನಕ್ಕೆ 6ರಿಂದ 8 ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಆರಿಸಿ. ಟೊಮೆಟೊ, ಬದನೆ, ಆಲೂಗಡ್ಡೆ ಬೆಳೆದಿದ್ದ ಪಾತಿ ಬೇಡ, ಅಲ್ಲಿನ ಸೊರಗು ರೋಗ ಇದಕ್ಕೂ ಅಂಟುತ್ತದೆ. ಗಿಡದಿಂದ ಗಿಡಕ್ಕೆ 5–6 ಅಡಿ ಬಿಡಿ. ಒಂದೇ ಗಿಡ ಇದ್ದರೂ ಕಾಯಿ ಕಟ್ಟುತ್ತದೆ. ನೆಡುವಾಗಲೇ ಎರಡು ಗೂಟ ಹೂತು ನೆಲದಿಂದ 3 ಅಡಿ ಎತ್ತರಕ್ಕೊಂದು, 5 ಅಡಿ ಎತ್ತರಕ್ಕೊಂದು ತಂತಿ ಎಳೆದುಬಿಡಿ, ಆಮೇಲೆ ನೋಡೋಣ ಅಂತ ಬಿಟ್ಟರೆ ಅಷ್ಟರಲ್ಲಿ ಬಳ್ಳಿ ನೆಲವೆಲ್ಲ ಹಬ್ಬಿರುತ್ತದೆ.

ಈಗ ಮುಖ್ಯ ವಿಷಯ. ಬೇರು ವರ್ಷಗಟ್ಟಲೆ ಬದುಕುತ್ತದೆ, ಆದರೆ ಒಂದೊಂದು ಬಳ್ಳಿಗೂ ಎರಡೇ ವರ್ಷ ಆಯಸ್ಸು. ಮೊದಲ ವರ್ಷ ಸುಮ್ನೆ ಬೆಳೆಯುತ್ತದೆ. ಎರಡನೇ ವರ್ಷ ಹೂ ಬಿಟ್ಟು, ಹಣ್ಣು ಕೊಟ್ಟು, ಒಣಗುತ್ತದೆ. ಇದು ಗೊತ್ತಿಲ್ಲದೆ ನಾನು ಮೊದಲ ಚಳಿಗಾಲದಲ್ಲಿ ಎಲ್ಲವನ್ನೂ ಬುಡಕ್ಕೆ ಸವರಿಬಿಟ್ಟೆ. ಮುಂದಿನ ಬೇಸಿಗೆ ಒಂದು ಹೂವೂ ಇಲ್ಲ. ಮಗಳು ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದಳು, ತುಂಬಾ ಬೇಜಾರಾಯಿತು.

ಹಾಗಾಗಿ ಕೊಯ್ಲು ಮುಗಿದ ಮೇಲೆ ಬಗ್ಗಿ ಬುಡ ನೋಡಿ. ಹಣ್ಣು ಕೊಟ್ಟ ಬಳ್ಳಿ ಕಂದು ಬಣ್ಣಕ್ಕೆ ತಿರುಗಿ ಗಡುಸಾಗಿರುತ್ತದೆ, ಕವಲುಗಳಲ್ಲಿ ಒಣಗಿದ ತೊಟ್ಟು ಉಳಿದಿರುತ್ತದೆ. ಹೊಸದು ಹಸಿರಾಗಿರುತ್ತದೆ, ಎಳೆಯದು. ಹಳೆಯದನ್ನು ನೆಲಮಟ್ಟಕ್ಕೆ ಕತ್ತರಿಸಿ, ಹೊಸದನ್ನು ತಂತಿಗೆ ಕಟ್ಟಿ. ಗೊಂದಲ ಆಗುತ್ತದೆ ಅನ್ನಿಸಿದರೆ ವಸಂತದಲ್ಲಿ ಹೊಸ ಬಳ್ಳಿ ಮೇಲೆದ್ದಾಗಲೇ ಒಂದು ಬಣ್ಣದ ದಾರ ಕಟ್ಟಿಬಿಡಿ, ನಾನು ಈಗ ಹಾಗೇ ಮಾಡುವುದು.

ಹೊಸ ಬಳ್ಳಿ 5 ಅಡಿ ದಾಟಿದ ಮೇಲೆ ತುದಿ ಚಿವುಟಿ. ಪಕ್ಕದಲ್ಲಿ ಕವಲು ಒಡೆಯುತ್ತದೆ, ಮುಂದಿನ ವರ್ಷ ಹಣ್ಣು ಜಾಸ್ತಿ ಬರುವುದು ಅಲ್ಲೇ. ಚಳಿಗಾಲದ ಕೊನೆಗೆ ಆ ಕವಲುಗಳನ್ನು ಒಂದೂವರೆ ಅಡಿಗೆ ಮೊಟಕು ಮಾಡಿ. ಬುಡಕ್ಕೆ ಮರದ ಚಕ್ಕೆ ಹರಡಿ, ಬೇಸಿಗೆಯಲ್ಲಿ ಬೇರು ಒಣಗದಂತೆ ನೀರು ಕೊಡಿ.

ಹಣ್ಣು ಕಪ್ಪಾಯಿತು ಅಂತ ತಕ್ಷಣ ಕೀಳಬೇಡಿ. ಮಿರಮಿರ ಹೊಳೆಯುತ್ತಿದ್ದರೆ ಇನ್ನೂ ಹುಳಿ, ಕಿತ್ತ ಮೇಲೆ ಮಾಗುವುದೂ ಇಲ್ಲ. ಒಂದೆರಡು ದಿನ ತಡೆಯಿರಿ. ಹೊಳಪು ಮಾಸಿ, ಬೆರಳು ತಾಗಿದರೆ ಸಾಕು ಅಂಗೈಗೆ ಉದುರುತ್ತದಲ್ವಾ, ಅದೇ ಹದ. ಅವಸರಕ್ಕೆ ಕಿತ್ತ ಹುಳಿ ಹಣ್ಣಿದ್ದರೆ ಬೆಲ್ಲ, ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿ, ಸಾಸಿವೆ ಇಂಗಿನ ಒಗ್ಗರಣೆ ಕೊಡಿ. ಚಪಾತಿಗೆ ಬಹಳ ಚೆನ್ನಾಗಿರುತ್ತದೆ.